ಎಸ್‌ಎಸ್‌ಎಲ್‌ಸಿ ಇಂಗ್ಲಿಷ್ ಪರೀಕ್ಷೆಗೆ ನಮ್ಮ ಕಡೆಯ ಮಕ್ಕಳನ್ನು ತಯಾರು ಮಾಡುವುದು ಹೇಗೆ: ಜೂನ್‌ನಿಂದ ಮಾರ್ಚ್‌ವರೆಗೆ

ಕಲಬುರಗಿ, ಬೀದರ್, ಯಾದಗಿರಿ, ಯಾವ ಊರಿಗೆ ಹೋದರೂ ಹತ್ತನೇ ಕ್ಲಾಸಿನ ಮಕ್ಕಳ ತಂದೆ ತಾಯಿ ಹೇಳುವ ಮಾತು ಒಂದೇ. "ಸರ್, ನಮ್ ಪಾರಿಗಿ (ಹುಡುಗಿಗೆ) ಎಲ್ಲಾ ಬರ್ತದ್ರಿ, ಇಂಗ್ಲಿಷ್ ಒಂದೇ ಬರಂಗಿಲ್ರಿ." 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ಶೇ 50.59ರೊಂದಿಗೆ ರಾಜ್ಯದಲ್ಲೇ ಕೊನೆಗೆ ಬಂತು. 2025ರಲ್ಲಿ ಆ ಜಾಗಕ್ಕೆ ಕಲಬುರಗಿ ಬಂತು, ಶೇ 42.43. ಈ ಅಂಕಿ ನೋಡಿ ಈ ಕಡೆಯ ಮಕ್ಕಳೇ ಅಷ್ಟು ಅನ್ನುವವರು ಬಹಳ ಜನ ಇದ್ದಾರೆ. ನಾನು ಒಪ್ಪುವುದಿಲ್ಲ. ಮನೆಯಲ್ಲಿ ಲಂಬಾಣಿ, ಗಲ್ಲಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಮಾತಾಡುವ ಹುಡುಗಿಗೆ ಇನ್ನೊಂದು ಭಾಷೆ ಕಲಿಯುವ ಶಕ್ತಿ ಇಲ್ಲ ಅಂತ ಹೇಗೆ ಹೇಳುತ್ತೀರಿ?

ತೊಂದರೆ ಇರುವುದು ನಾವು ತಯಾರು ಮಾಡುವ ರೀತಿಯಲ್ಲಿ. ಗೈಡ್‌ನ ಉತ್ತರ ಬಾಯಿಪಾಠ ಮಾಡಿಸುತ್ತೇವೆ. ಮಗು ಅರ್ಥ ಗೊತ್ತಿಲ್ಲದೆ ಹತ್ತು ಸಾಲು ನುಂಗುತ್ತದೆ, ಪರೀಕ್ಷೆಯಲ್ಲಿ ಮೂರನೇ ಸಾಲಿಗೆ ಒಂದು ಪದ ಮರೆತರೆ ಅಲ್ಲಿಗೆ ಎಲ್ಲಾ ನಿಂತುಹೋಗುತ್ತದೆ. ಅದರ ಬದಲು ಮಗು ತಾನೇ ಕಟ್ಟಿದ ಐದು ಸಣ್ಣ ವಾಕ್ಯ ತಪ್ಪಿಲ್ಲದೆ ಬರೆಯುವಂತಾದರೆ ಪಾಸಾಗುವುದು ಕಷ್ಟವಲ್ಲ. ಈ ಬರಹ ಪೂರ್ತಿ ಅದರ ಬಗ್ಗೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಬರೆಯುವ ಮಕ್ಕಳಿಗೆ ಇದು. ಶಾಲೆಯ ಮೇಷ್ಟ್ರು, ಟ್ಯೂಷನ್ ಹೇಳುವವರು, ಮನೆಯಲ್ಲಿ ತಮ್ಮನನ್ನು ಕೂರಿಸಿಕೊಂಡು ಓದಿಸುವ ಪಿಯುಸಿ ಓದಿದ ಅಕ್ಕ, ಯಾರಾದರೂ ಮಾಡಬಹುದು.

ಮೊದಲು ಪ್ರಶ್ನೆಪತ್ರಿಕೆ ಬಿಚ್ಚಿ

ಜೂನ್‌ನಲ್ಲಿ ಮೊದಲ ಪಾಠ ಶುರು ಮಾಡುವ ಮುಂಚೆ ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಮಕ್ಕಳ ಕೈಗೆ ಕೊಡಿ. ಒಟ್ಟು 100 ಅಂಕದಲ್ಲಿ ಲಿಖಿತ ಪರೀಕ್ಷೆಗೆ 80, ಉಳಿದ 20 ಆಂತರಿಕ ಮೌಲ್ಯಮಾಪನಕ್ಕೆ. ಪ್ರಶ್ನೆ ಓದಿಕೊಳ್ಳುವ 15 ನಿಮಿಷವೂ ಸೇರಿ ಒಟ್ಟು 3 ಗಂಟೆ.

ಇತ್ತೀಚಿನ ವರ್ಷಗಳ ಪತ್ರಿಕೆ ನೋಡಿದರೆ ಪತ್ರಕ್ಕೆ 5, ಪ್ರಬಂಧಕ್ಕೆ 4, ಗದ್ಯಭಾಗ ಓದಿ ಉತ್ತರಿಸುವುದಕ್ಕೆ 4, ವ್ಯಕ್ತಿಪರಿಚಯಕ್ಕೆ 3, ಸುಳಿವು ಕೊಟ್ಟು ಕಥೆ ಬೆಳೆಸುವುದಕ್ಕೆ 3, ಚಿತ್ರ ನೋಡಿ ಬರೆಯುವುದಕ್ಕೆ 3 ಅಂಕ ಇವೆ. ಕೂಡಿಸಿ ನೋಡಿ, 22 ಆಯಿತು. ಇದರಲ್ಲಿ ಒಂದು ಅಂಕವೂ ಪಠ್ಯದ ಪಾಠದಿಂದ ಬರುವುದಿಲ್ಲ. ಸ್ವಂತ ವಾಕ್ಯ ಬರೆಯಲು ಬಂದರೆ ಸಾಕು. ವ್ಯಾಕರಣದ ಪ್ರಶ್ನೆಗಳೂ ಹೆಚ್ಚುಕಮ್ಮಿ ಹಾಗೇ. ಇದನ್ನು ಬೋರ್ಡ್ ಮೇಲೆ ಬರೆದು ತೋರಿಸಿದರೆ ಹಿಂದಿನ ಬೆಂಚಿನ ಹುಡುಗರ ಮುಖ ಬದಲಾಗುತ್ತದೆ. ಪಾಠ ಅರ್ಥವಾಗದ ಭಯದಲ್ಲೇ ಅವರು ಇಡೀ ವಿಷಯ ಕೈಬಿಟ್ಟಿರುತ್ತಾರೆ ಅಲ್ವಾ.

ಪತ್ರಿಕೆಯ ಸ್ವರೂಪ ಆಗಾಗ ಸ್ವಲ್ಪ ಬದಲಾಗುತ್ತದೆ. ಅದಕ್ಕೇ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ತನ್ನ ವೆಬ್‌ಸೈಟಿನಲ್ಲಿ ಹಾಕುವ ಆ ವರ್ಷದ ಮಾದರಿ ಪತ್ರಿಕೆ ಮತ್ತು ನೀಲನಕ್ಷೆಯನ್ನೇ (ಯಾವುದಕ್ಕೆ ಎಷ್ಟು ಅಂಕ ಅನ್ನುವ ಪಟ್ಟಿ) ನಂಬಿ. ವಾಟ್ಸಾಪ್‌ನಲ್ಲಿ ಓಡಾಡುವ ಪಿಡಿಎಫ್ ಬೇಡ.

ಯಾರಿಗೆ ಏನು ಬರುತ್ತದೆ ಅಂತ ತಿಳಿದುಕೊಳ್ಳಿ

ಒಬ್ಬೊಬ್ಬರನ್ನೇ ಹತ್ತಿರ ಕರೆದು ಆರನೇ ಕ್ಲಾಸಿನ ಇಂಗ್ಲಿಷ್ ಪುಸ್ತಕದ ಒಂದು ಪ್ಯಾರಾ ಓದಿಸಿ. ಕ್ಲಾಸಿನ ಎದುರು ಬೇಡ, ವರಾಂಡದಲ್ಲಿ ಮೆಲ್ಲಗೆ. ಎಲ್ಲರ ಮುಂದೆ ಓದಿಸಿದರೆ ಬರುವವರೂ ಬಾಯಿ ಬಿಡುವುದಿಲ್ಲ. ಓದಿದ ಮೇಲೆ "ಇದರಾಗ ಏನದ, ಹೇಳು" ಅಂತ ಕನ್ನಡದಲ್ಲೇ ಕೇಳಿ. ಅಕ್ಷರ ಕೂಡಿಸಲು ಬಾರದವರು, ಓದಿದರೂ ಅರ್ಥ ಆಗದವರು, ಓದಿ ಅರ್ಥ ಹೇಳುವವರು ಅಂತ ಮೂರು ಗುಂಪು ತಾನಾಗಿ ಕಾಣುತ್ತದೆ. ಹೆಸರು ಬರೆದಿಟ್ಟುಕೊಳ್ಳಿ, ಆದರೆ ಆ ಗುಂಪಿನ ಹೆಸರು ಹಿಡಿದು ಮಕ್ಕಳನ್ನು ಕರೆಯಬೇಡಿ. ಮೂರನೇ ಗುಂಪಿನವರು ನಿಮಗೆ ಸಹಾಯಕ್ಕೆ ಬರುತ್ತಾರೆ. ಒಬ್ಬರಿಗೆ ಇಬ್ಬರು ಗೆಳೆಯರ ಜವಾಬ್ದಾರಿ ಕೊಡಿ. ಒಂದೇ ಓಣಿಯವರು, ಒಂದೇ ತಾಂಡಾದವರು ಆದರೆ ಸಂಜೆ ಕೂಡ ಕೂತು ಓದುತ್ತಾರೆ.

ಅಕ್ಷರ ಕೂಡಿಸಲು ಬಾರದವರಿಗೆ ಜುಲೈ, ಆಗಸ್ಟ್ ಪೂರ್ತಿ ಓದು ಮತ್ತು ಕೈಬರಹ. ದಿನಾ ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ ಆಗಬೇಕು. ಅಕ್ಷರದ ಹೆಸರು ಹೇಳಿಸುವುದಕ್ಕಿಂತ ಅದರ ಸದ್ದು ಹೇಳಿಸಿ, ಎರಡು ಮೂರು ಸದ್ದು ಕೂಡಿಸಿ ಪದ ಮಾಡಿಸಿ. ನಾಲ್ಕು ಗೆರೆ ಪುಸ್ತಕ ಹತ್ತನೇ ಕ್ಲಾಸಿನವರಿಗೆ ನಾಚಿಕೆ ಅನ್ನಿಸಬಹುದು, ಆದರೂ ಕೊಡಿ. ಬಿಸ್ಕತ್ ಪ್ಯಾಕೆಟ್, ಗೊಬ್ಬರದ ಚೀಲ, ಅಂಗಡಿ ಬೋರ್ಡು, ಅಪ್ಪನ ಮೊಬೈಲಿನ ಮೆನು, ಎಲ್ಲ ಕಡೆ ಇಂಗ್ಲಿಷ್ ಇದೆ. ದಿನಕ್ಕೆ ಐದು ಪದ ನೋಡಿ ಬರೆದುಕೊಂಡು ಬರಲು ಹೇಳಿ.

ನಮ್ಮ ಕಡೆ ಒಂದು ವಿಷಯ ಗಮನಿಸಬೇಕು. ಬಹಳ ಮಕ್ಕಳು ಸ್ಕೂಲ್‌ಗೆ ಇಸ್ಕೂಲ್ ಅನ್ನುತ್ತಾರೆ, ಸ್ಟೇಷನ್‌ಗೆ ಟೇಶನ್ ಅನ್ನುತ್ತಾರೆ. ಬಾಯಲ್ಲಿ ಹೇಗೋ ಹಾಗೇ ಕೈಯಲ್ಲೂ ಬರುತ್ತದೆ, ಸ್ಪೆಲಿಂಗ್ ತಪ್ಪುತ್ತದೆ. ನಗಬೇಡಿ, ಬೈಯಬೇಡಿ. ಅಂಥ ಪದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ, ದಿನಾ ಒಂದು ಸಲ ಜೋರಾಗಿ ಹೇಳಿಸಿ.

ವಾಕ್ಯ ಕಟ್ಟುವುದು: ಇಲ್ಲೇ ಜಾಸ್ತಿ ಹೊತ್ತು ಕೊಡಿ

ನನ್ನ ಪ್ರಕಾರ ಇಡೀ ವರ್ಷದ ಅರ್ಧ ಶ್ರಮ ಇಲ್ಲಿಗೇ ಹೋಗಬೇಕು. ಇದೊಂದು ಬಂದರೆ ಪತ್ರ, ಪ್ರಬಂಧ, ಚಿತ್ರ, ಕಥೆ ಎಲ್ಲ ಬರುತ್ತವೆ. ಇದು ಬರದಿದ್ದರೆ ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ ಆರಿಸಿ ಕೊಡುವ ಯಾವ ಪಾಸಿಂಗ್ ಪ್ಯಾಕೇಜ್ ಕೂಡ ಉಳಿಸುವುದಿಲ್ಲ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷ್‌ನಲ್ಲಿ ನಡುವೆ ಬರುತ್ತದೆ. ಇದನ್ನು ನಿಯಮ ಅಂತ ಹೇಳಿದರೆ ಮಕ್ಕಳ ತಲೆಗೆ ಹೋಗುವುದಿಲ್ಲ. ಬೋರ್ಡ್ ಮೇಲೆ ಮೂರು ಮನೆ ಹಾಕಿ. ಮೊದಲ ಮನೆಯಲ್ಲಿ ಯಾರು, ಎರಡನೆಯದರಲ್ಲಿ ಏನು ಮಾಡುತ್ತಾರೆ, ಮೂರನೆಯದರಲ್ಲಿ ಏನನ್ನು ಅಥವಾ ಎಲ್ಲಿಗೆ. ಈಗ ಮಕ್ಕಳ ಮನೆಯ ಮಾತೇ ತೆಗೆದುಕೊಳ್ಳಿ. "ನಮ್ಮವ್ವ ರೊಟ್ಟಿ ಬಡೀತಾಳ" ಅಂತ ಒಬ್ಬಳು ಹೇಳಿದಳು ಅಂದುಕೊಳ್ಳಿ. ಮೊದಲ ಮನೆಗೆ 'ಮೈ ಮದರ್', ಎರಡನೆಯದಕ್ಕೆ 'ಮೇಕ್ಸ್', ಮೂರನೆಯದಕ್ಕೆ 'ರೊಟ್ಟಿ'. ವಾಕ್ಯ ಆಯಿತು. "ಅಪ್ಪ ತೊಗರಿ ಕೊಯ್ತಾನ" ಅಂದರೆ 'ಮೈ ಫಾದರ್ ಕಟ್ಸ್ ತೊಗರಿ'. ತೊಗರಿಯ ಇಂಗ್ಲಿಷ್ ಪದ ಆಮೇಲೆ ಕಲಿಯಲಿ, ಮೊದಲು ಜಾಗ ಸರಿಯಾಗಲಿ. 'ಮೇಕ್ಸ್', 'ಕಟ್ಸ್' ಕೊನೆಯ ಆ 'ಸ್' ಬಿಟ್ಟುಹೋಗುವುದು ಬಹಳ ಜಾಸ್ತಿ. ಒಬ್ಬರೇ ಇದ್ದು, ಅದು ನಾನೂ ಅಲ್ಲ ನೀನೂ ಅಲ್ಲ ಅಂದರೆ 'ಸ್' ಹಚ್ಚು ಅಂತ ಹೇಳಿ. ವಾರಗಟ್ಟಲೆ ಹೇಳಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ದೊಡ್ಡ ಗುಂಡಿ 'ಈಸ್', 'ಆರ್', 'ವಾಸ್'. ಕನ್ನಡದಲ್ಲಿ "ಅವನು ಡಾಕ್ಟರ್" ಅಂದರೆ ವಾಕ್ಯ ಮುಗಿಯಿತು, ಕ್ರಿಯಾಪದವೇ ಬೇಡ. ಅದಕ್ಕೇ ಮಕ್ಕಳು 'ಹಿ ಡಾಕ್ಟರ್' ಅಂತ ಬರೆಯುತ್ತಾರೆ. ಎರಡನೇ ಮನೆ ಯಾವತ್ತೂ ಖಾಲಿ ಇರಬಾರದು ಅಂತ ಹೇಳಿಕೊಡಿ. ಅಲ್ಲಿ ಕೆಲಸದ ಪದ ಇಲ್ಲ ಅಂದರೆ 'ಈಸ್' ಆದರೂ ಇರಲೇಬೇಕು. ಹಾಗೇ ಒಂದು ವಸ್ತು ಎಲ್ಲೋ ಇದೆ ಅನ್ನುವಾಗ 'ದೇರ್ ಈಸ್', ಬಹಳ ಇದ್ದರೆ 'ದೇರ್ ಆರ್'. ಈ ಎರಡು ಮಾತು ಕೈಗೆ ಹತ್ತಿದರೆ ಚಿತ್ರದ ಪ್ರಶ್ನೆ ಅರ್ಧ ಮುಗಿದ ಹಾಗೆ.

ದಿನಾ ಐದು ವಾಕ್ಯದ ಡೈರಿ ಬರೆಸಿ. ಇವತ್ತು ಏನು ತಿಂದೆ, ಯಾರನ್ನು ನೋಡಿದೆ, ಬಸ್ ಎಷ್ಟು ತಡ ಆಯಿತು, ಏನಾದರೂ ಸರಿ. ಒಂದು ಷರತ್ತು, ಗೈಡ್‌ನಿಂದ ಕಾಪಿ ಇರಬಾರದು. ತಿದ್ದುವಾಗ ಎಲ್ಲ ತಪ್ಪಿಗೂ ಕೆಂಪು ಹಾಕಬೇಡಿ. ಪುಟ ಪೂರ್ತಿ ಕೆಂಪಾದರೆ ನಾಳೆ ಆ ಪುಸ್ತಕ ನಿಮ್ಮ ಟೇಬಲ್ಲಿಗೆ ಬರುವುದಿಲ್ಲ. ಈ ವಾರ 'ಈಸ್' ಮಾತ್ರ ತಿದ್ದುತ್ತೇನೆ, ಮುಂದಿನ ವಾರ ದೊಡ್ಡಕ್ಷರ ಮತ್ತು ಪೂರ್ಣವಿರಾಮ, ಹೀಗೆ ಒಂದೊಂದೇ ಹಿಡಿಯಿರಿ.

ಬರವಣಿಗೆಯ ಪ್ರಶ್ನೆಗಳು

ದಸರಾ ರಜೆ ಮುಗಿದ ಮೇಲೆ ಇದಕ್ಕೆ ಕೈ ಹಾಕಿ. ಮೊದಲು ಪತ್ರ, ಯಾಕೆಂದರೆ ಅಂಕ ಜಾಸ್ತಿ, ಚೌಕಟ್ಟು ಯಾವತ್ತೂ ಅದೇ. ವಿಳಾಸ, ದಿನಾಂಕ, ಸಂಬೋಧನೆ, ವಿಷಯ, ಒಡಲು, ಕೊನೆಯ ಮಾತು, ಸಹಿ. ಅಪ್ಪನಿಗೆ ಬರೆದರೆ 'ಡಿಯರ್ ಫಾದರ್', ಮುಖ್ಯೋಪಾಧ್ಯಾಯರಿಗೆ ಅಥವಾ ಸಂಪಾದಕರಿಗೆ ಬರೆದರೆ 'ಸರ್'. ಈ ಚೌಕಟ್ಟನ್ನು ಕಣ್ಣು ಮುಚ್ಚಿದರೂ ಬರೆಯುವ ಹಾಗೆ ಮಾಡಿ. ಇದು ಬಾಯಿಪಾಠ ಆದರೂ ಪರವಾಗಿಲ್ಲ. ಪ್ರಶ್ನೆಯಲ್ಲಿ "ನೀನು ಇಂಥ ಊರಿನ ಇಂಥವನು ಅಂದುಕೋ" ಅಂತ ಹೆಸರು ಕೊಟ್ಟಿರುತ್ತಾರೆ. ಆ ಹೆಸರು, ಆ ಊರು ಮಾತ್ರ ಬರೆಯಬೇಕು. ಎಷ್ಟೋ ಮಕ್ಕಳು ತಮ್ಮದೇ ಹೆಸರು, ತಮ್ಮದೇ ಶಾಲೆ ಬರೆದುಬಿಡುತ್ತಾರೆ.

ಒಡಲನ್ನು ಮಾತ್ರ ಸ್ವಂತ ಬರೆಯಲಿ. ಬೀದರ್ ಪ್ರವಾಸಕ್ಕೆ ದುಡ್ಡು ಕೇಳಿ ಅಪ್ಪನಿಗೆ ಪತ್ರ ಅಂದುಕೊಳ್ಳಿ. 'ಐ ಯಾಮ್ ಫೈನ್ ಹಿಯರ್. ಅವರ್ ಸ್ಕೂಲ್ ಹ್ಯಾಸ್ ಅರೇಂಜ್ಡ್ ಎ ಟ್ರಿಪ್ ಟು ಬೀದರ್. ಐ ವಾಂಟ್ ಟು ಸೀ ದ ಫೋರ್ಟ್. ಆಲ್ ಮೈ ಫ್ರೆಂಡ್ಸ್ ಆರ್ ಗೋಯಿಂಗ್. ಪ್ಲೀಸ್ ಸೆಂಡ್ ಮಿ ಫೈವ್ ಹಂಡ್ರೆಡ್ ರುಪೀಸ್.' ಐದೇ ವಾಕ್ಯ, ಎಲ್ಲ ಸಣ್ಣವು, ಒಂದೂ ತಪ್ಪಿಲ್ಲ. ಗೈಡ್‌ನ ದೊಡ್ಡ ದೊಡ್ಡ ಪದಗಳ ಅರ್ಧಂಬರ್ಧ ಪತ್ರಕ್ಕಿಂತ ಇದಕ್ಕೆ ಒಳ್ಳೆ ಅಂಕ ಬರುತ್ತದೆ.

ವ್ಯಕ್ತಿಪರಿಚಯದಲ್ಲಿ ಸುಳಿವುಗಳನ್ನು ಅವರೇ ಕೊಟ್ಟಿರುತ್ತಾರೆ, ನಾವು ಅವುಗಳ ನಡುವೆ 'ವಾಸ್', 'ಇನ್', 'ಆ್ಯಟ್' ಸೇರಿಸಿ ವಾಕ್ಯ ಮಾಡಬೇಕು ಅಷ್ಟೆ. ಅಭ್ಯಾಸಕ್ಕೆ ನಮ್ಮ ಕಡೆಯವರನ್ನೇ ತೆಗೆದುಕೊಳ್ಳಿ. ಗೀತಾ ನಾಗಭೂಷಣ, ಹುಟ್ಟಿದ್ದು 25 ಮಾರ್ಚ್ 1942, ಕಲಬುರಗಿ ಜಿಲ್ಲೆಯ ಸಾವಳಗಿ, ಕಾದಂಬರಿಕಾರ್ತಿ, 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 2010ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆ. ಇಷ್ಟನ್ನು ಬೋರ್ಡ್ ಮೇಲೆ ಇಂಗ್ಲಿಷ್‌ನಲ್ಲಿ ತುಂಡು ತುಂಡಾಗಿ ಹಾಕಿ. 'ಗೀತಾ ನಾಗಭೂಷಣ ವಾಸ್ ಬಾರ್ನ್ ಆನ್ 25 ಮಾರ್ಚ್ 1942 ಆ್ಯಟ್ ಸಾವಳಗಿ. ಶಿ ವಾಸ್ ಎ ನಾವಲಿಸ್ಟ್. ಶಿ ಗಾಟ್ ದ ಸಾಹಿತ್ಯ ಅಕಾಡೆಮಿ ಅವಾರ್ಡ್ ಇನ್ 2004.' ಹೀಗೆ ಬರೆಸುತ್ತಾ ಹೋದರೆ ಪಕ್ಕದ ಊರಲ್ಲಿ ಹುಟ್ಟಿದ ಹೆಣ್ಣುಮಗಳು ಎಲ್ಲಿಯವರೆಗೆ ಹೋದರು ಅಂತಲೂ ಗೊತ್ತಾಗುತ್ತದೆ. ಒಂದು ಎಚ್ಚರ: ಗಂಡಸಿಗೆ 'ಹಿ', ಹೆಂಗಸಿಗೆ 'ಶಿ'. ಮೊದಲ ವಾಕ್ಯದಲ್ಲಿ 'ಶಿ' ಬರೆದು ಮೂರನೆಯದರಲ್ಲಿ 'ಹಿ' ಬರೆಯುವವರು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಬದುಕಿಲ್ಲದವರಿಗೆ 'ವಾಸ್', ಬದುಕಿರುವವರಿಗೆ 'ಈಸ್', ಆದರೆ ಹುಟ್ಟಿನ ಮಾತಿಗೆ ಯಾವತ್ತೂ 'ವಾಸ್ ಬಾರ್ನ್'.

ಚಿತ್ರಕ್ಕೆ ಪುಸ್ತಕದ ಚಿತ್ರವೇ ಬೇಕಿಲ್ಲ. ಶರಣಬಸವೇಶ್ವರ ಜಾತ್ರೆಯ ಫೋಟೋ, ಬಸ್ ಸ್ಟ್ಯಾಂಡ್, ಕಣದಲ್ಲಿ ತೊಗರಿ ರಾಶಿ, ಪೇಪರಿನಲ್ಲಿ ಬಂದದ್ದು ಕತ್ತರಿಸಿ ತನ್ನಿ. ಮೊದಲ ವಾಕ್ಯ ಇದು ಯಾವ ಜಾಗ, ಆಮೇಲೆ 'ದೇರ್ ಆರ್ ಮೆನಿ ಪೀಪಲ್', ಆಮೇಲೆ ಒಬ್ಬೊಬ್ಬರು ಏನು ಮಾಡುತ್ತಿದ್ದಾರೆ. 'ಎ ವುಮನ್ ಈಸ್ ಸೆಲ್ಲಿಂಗ್ ಬನಾನಾಸ್. ಟೂ ಬಾಯ್ಸ್ ಆರ್ ಪ್ಲೇಯಿಂಗ್.' ಕಾಣದ್ದನ್ನು ಬರೆಯುವ ಗೋಜಿಗೆ ಹೋಗುವುದು ಬೇಡ.

ಕಥೆಯ ಪ್ರಶ್ನೆಯಲ್ಲಿ ಸುಳಿವು ಬಿಟ್ಟುಹೋಗದಂತೆ, ಕೊಟ್ಟ ಕ್ರಮದಲ್ಲೇ, ಭೂತಕಾಲದಲ್ಲಿ ಬರೆದರೆ ಸಾಕು. ಪ್ರಬಂಧಕ್ಕೆ ಪೀಠಿಕೆ, ಒಡಲು, ಕೊನೆ ಅಂತ ಮೂರು ಪ್ಯಾರಾ. ಪರಿಸರ, ಮೊಬೈಲ್, ಸ್ವಚ್ಛತೆ, ಹೆಣ್ಣುಮಕ್ಕಳ ಶಿಕ್ಷಣ, ಇಂಥ ಎಂಟು ಹತ್ತು ವಿಷಯಕ್ಕೆ ಬೇಕಾಗುವ ಪದಗಳನ್ನು ಕಲಿಸಿ. ಪ್ರಬಂಧವನ್ನೇ ಬಾಯಿಪಾಠ ಮಾಡಿಸಬೇಡಿ.

ಪಾಠ, ಪದ್ಯ, ಗದ್ಯಭಾಗ

ಪಾಠದ ಕಥೆಯನ್ನು ಮೊದಲು ಕನ್ನಡದಲ್ಲಿ ಹೇಳಿ. ಊರ ಮಾತಲ್ಲೇ ಹೇಳಿ. ಇಂಗ್ಲಿಷ್ ಪಿರಿಯಡ್‌ನಲ್ಲಿ ಕನ್ನಡ ಬರಬಾರದು ಅನ್ನುವ ಹಟ ಶಹರದ ದೊಡ್ಡ ಶಾಲೆಗೆ ಇರಲಿ, ನಮ್ಮಲ್ಲಿ ಕಥೆ ಅರ್ಥವಾಗದೆ ಮಗು ಮುಂದಕ್ಕೆ ಹೋಗುವುದಿಲ್ಲ. ಬೀದರ್‌ನ ಔರಾದ್ ಕಡೆ ಮರಾಠಿ ಮನೆಮಾತಿನವರು, ಯಾದಗಿರಿಯ ಗುರುಮಠಕಲ್ ಕಡೆ ತೆಲುಗಿನವರು ಇರುತ್ತಾರೆ. ಅವರ ಭಾಷೆಯ ಎರಡು ಮಾತು ನಿಮಗೆ ಬಂದರೆ ಇನ್ನೂ ಒಳ್ಳೆಯದು. ಕಥೆ ಹೇಳಿ ಆದ ಮೇಲೆ ಪ್ರತಿ ಪಾಠಕ್ಕೆ ಏಳೆಂಟು ಸಣ್ಣ ಇಂಗ್ಲಿಷ್ ವಾಕ್ಯವನ್ನು ಮಕ್ಕಳಿಂದಲೇ ಕಟ್ಟಿಸಿ, ನೋಟ್ಸ್‌ಗೆ ಅದನ್ನೇ ಬರೆಸಿ. ಎರಡು, ಮೂರು ಅಂಕದ ಪ್ರಶ್ನೆ ಹೇಗೆ ಬಂದರೂ ಉತ್ತರ ಅದರಲ್ಲೇ ಸಿಗುತ್ತದೆ.

ಕಂಠಪಾಠದ ಪದ್ಯಕ್ಕೆ 4 ಅಂಕ. ಇಲ್ಲಿ ಬಾಯಿಪಾಠವೇ ದಾರಿ, ಆದರೆ ಬಾಯಲ್ಲಿ ಬಂದರೆ ಸಾಲದು, ಕೈಯಲ್ಲಿ ಬರಬೇಕು. ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಎಲ್ಲರೂ ಕೂಡಿ ಹಾಡಲಿ, ಸಂಜೆ ನೋಡದೆ ಬರೆಯಲಿ. ಸಾಲಿನ ಮೊದಲ ಅಕ್ಷರ, ಅಲ್ಪವಿರಾಮ, ಸ್ಪೆಲಿಂಗ್ ಎಲ್ಲ ಪುಸ್ತಕದಲ್ಲಿ ಇದ್ದ ಹಾಗೇ.

ಗದ್ಯಭಾಗದ ಉತ್ತರ ಕಣ್ಣ ಮುಂದೆಯೇ ಇರುತ್ತದೆ. ಆದರೂ ಮಕ್ಕಳು ಹೆದರುತ್ತಾರೆ, ಯಾಕೆಂದರೆ ಕೆಲವು ಪದ ಗೊತ್ತಿರುವುದಿಲ್ಲ. ಎಲ್ಲ ಪದ ಗೊತ್ತಿರಬೇಕಾಗಿಲ್ಲ ಅಂತ ಮೊದಲೇ ಹೇಳಿ. ಬೀದರ್‌ನ ಮಹಮೂದ್ ಗವಾನ್ ಮದರಸಾ ಬಗ್ಗೆ ನೀವೇ ಆರು ವಾಕ್ಯ ಬರೆದು ಕೊಡಿ. ಅದನ್ನು ಕಟ್ಟಿದ್ದು 1472ರಲ್ಲಿ, ಗವಾನ್ ಬಂದದ್ದು ಪರ್ಷಿಯಾದಿಂದ, ಇಂಥ ಸಂಗತಿಗಳು. 'ವೆನ್ ವಾಸ್ ಇಟ್ ಬಿಲ್ಟ್?' ಅಂದರೆ ವರ್ಷ ಹುಡುಕು, 'ಇಟ್ ವಾಸ್ ಬಿಲ್ಟ್ ಇನ್ 1472' ಅಂತ ಬರಿ. ಪ್ರಶ್ನೆಯ ಪದಗಳನ್ನೇ ತಿರುಗಿಸಿದರೆ ಉತ್ತರದ ಮುಕ್ಕಾಲು ಭಾಗ ಆಯಿತು. 'ಡಿಡ್' ಇದ್ದರೆ ಮಾತ್ರ ಹುಷಾರು. 'ವೇರ್ ಡಿಡ್ ಗವಾನ್ ಕಮ್ ಫ್ರಮ್?' ಅಂತ ಕೇಳಿದರೆ ಉತ್ತರದಲ್ಲಿ 'ಡಿಡ್' ಬಿದ್ದುಹೋಗಿ 'ಕಮ್' ಅನ್ನುವುದು 'ಕೇಮ್' ಆಗುತ್ತದೆ. 'ಹಿ ಕೇಮ್ ಫ್ರಮ್ ಪರ್ಷಿಯಾ.' ಇದೊಂದನ್ನೇ ಒಂದು ವಾರ ತಿರುಗಿಸಿ ತಿರುಗಿಸಿ ಮಾಡಿಸಿ.

ವ್ಯಾಕರಣಕ್ಕೆ ಕನ್ನಡದ ಅಕ್ಷರಮಾಲೆಯೇ ಸಹಾಯ

'ಎ' ಬರಬೇಕೋ 'ಆ್ಯನ್' ಬರಬೇಕೋ ಅಂತ ತಲೆ ಕೆಡಿಸಿಕೊಳ್ಳುವ ಮಕ್ಕಳಿಗೆ ಆ ಪದವನ್ನು ಕನ್ನಡದಲ್ಲಿ ಬರೆದು ನೋಡಲು ಹೇಳಿ. ಸ್ವರದಿಂದ ಶುರುವಾದರೆ 'ಆ್ಯನ್', ವ್ಯಂಜನದಿಂದ ಶುರುವಾದರೆ 'ಎ'. 'ಅವರ್' ಅಂದರೆ ಗಂಟೆ, ಕನ್ನಡದಲ್ಲಿ ಅ, ಅದಕ್ಕೆ 'ಆ್ಯನ್ ಅವರ್'. 'ಯೂನಿವರ್ಸಿಟಿ' ಯಕಾರ, ಅದಕ್ಕೆ 'ಎ'. 'ಒನ್' ಅಂತ ಬರೆಯುತ್ತೇವೆ, ಆದರೆ ಇಂಗ್ಲಿಷ್‌ನಲ್ಲಿ ಅದು 'ವನ್', ಹಾಗಾಗಿ 'ಎ'. 'ಎಂಎಲ್‌ಎ' ಸ್ವರ, ಹಾಗಾಗಿ 'ಆ್ಯನ್'. ಇಂಗ್ಲಿಷ್ ಅಕ್ಷರ ನೋಡಿ ಮೋಸ ಹೋಗುವ ಕಡೆ ಕನ್ನಡ ಕೈ ಹಿಡಿಯುತ್ತದೆ. 'ಎಗ್' ಅನ್ನುವುದಕ್ಕೆ 'ಯಗ್' ಅನ್ನುವ ಮಕ್ಕಳ ಉಚ್ಚಾರ ಮಾತ್ರ ಮೊದಲು ಸರಿ ಮಾಡಿ.

ಉಳಿದದ್ದರಲ್ಲಿ ಕ್ವೆಶ್ಚನ್ ಟ್ಯಾಗ್, ಕರ್ಮಣಿ ಪ್ರಯೋಗ, ರಿಪೋರ್ಟೆಡ್ ಸ್ಪೀಚ್, ಹೋಲಿಕೆಯ ಡಿಗ್ರಿ, 'ಇಫ್' ವಾಕ್ಯ, ಇವು ಮತ್ತೆ ಮತ್ತೆ ಬರುತ್ತವೆ. ಟ್ಯಾಗ್‌ಗೆ ನೆನಪಿಡಬೇಕಾದ್ದು ಇಷ್ಟೇ: ವಾಕ್ಯದಲ್ಲಿ 'ನಾಟ್' ಇಲ್ಲದಿದ್ದರೆ ಟ್ಯಾಗ್‌ನಲ್ಲಿ ಇರಬೇಕು, ಇದ್ದರೆ ಇರಬಾರದು. 'ಶಿ ಈಸ್ ಎ ಟೀಚರ್, ಈಸಂಟ್ ಶಿ?' ಹಳೆಯ ಪತ್ರಿಕೆಗಳಿಂದ ಒಂದೊಂದು ಬಗೆಯದ್ದು ಹತ್ತು ಹತ್ತು ಆರಿಸಿ ಮಾಡಿಸಿದರೆ ನಿಯಮದ ಭಾಷಣವೇ ಬೇಕಾಗುವುದಿಲ್ಲ.

ಹತ್ತಿ, ತೊಗರಿ ಮತ್ತು ಹಾಜರಿ

ಇದನ್ನು ಯಾವ ಗೈಡ್‌ನಲ್ಲೂ ಬರೆಯುವುದಿಲ್ಲ. ಯಾದಗಿರಿ ಕಡೆ ಹತ್ತಿ ಬಿಡಿಸುವ ಕಾಲ, ಕಲಬುರಗಿ ಕಡೆ ಡಿಸೆಂಬರ್, ಜನವರಿಯ ತೊಗರಿ ರಾಶಿ, ಆಗ ಹಿಂದಿನ ಬೆಂಚು ಖಾಲಿ. ಕೆಲವರ ಅಪ್ಪ ಅಮ್ಮ ಮುಂಬೈ, ಪುಣೆ, ಹೈದರಾಬಾದ್‌ಗೆ ದುಡಿಯಲು ಹೋಗುತ್ತಾರೆ, ಹುಡುಗಿ ಮನೆ ನೋಡಿಕೊಂಡು ತಮ್ಮಂದಿರನ್ನು ಸಾಕುತ್ತಿರುತ್ತಾಳೆ. ಅವಳಿಗೆ "ಯಾಕ ಬಂದಿಲ್ಲ" ಅಂತ ಗದರಿಸಿದರೆ ನಾಳೆಯೂ ಬರುವುದಿಲ್ಲ. ಅದಕ್ಕೇ ಓದು ಮತ್ತು ವಾಕ್ಯದ ಕೆಲಸವನ್ನು ದೀಪಾವಳಿ ಒಳಗೆ ಮುಗಿಸಬೇಕು ಅಂತ ನಾನು ಒತ್ತಿ ಹೇಳುವುದು. ಗೈರಾಗುವ ಮಕ್ಕಳಿಗೆ ಒಂದು ಸಣ್ಣ ನೋಟ್‌ಬುಕ್ ಕೊಟ್ಟು ಕಳಿಸಿ, ಹೊಲದಲ್ಲಿ ಇದ್ದರೂ ರಾತ್ರಿ ಐದು ವಾಕ್ಯ ಬರೆಯಲಿ. ಸಾಧ್ಯವಾದರೆ ಮನೆಗೆ ಹೋಗಿ ಅವ್ವನ ಜೊತೆ ಮಾತಾಡಿ. "ಮೂರು ತಿಂಗಳು ಪಾರಿಗಿ ಬಿಡ್ರಿ, ಅಮ್ಮಾ" ಅಂತ ಗೌರವದಿಂದ ಕೇಳಿದರೆ ಬಹಳ ತಾಯಂದಿರು ಒಪ್ಪುತ್ತಾರೆ.

ಪೂರ್ವಸಿದ್ಧತಾ ಪರೀಕ್ಷೆಯನ್ನು ನಿಜವಾದ ಪರೀಕ್ಷೆಯ ಹಾಗೇ ನಡೆಸಿ, ಪೂರ್ತಿ ಹೊತ್ತು, ಯಾರೂ ಹೇಳಿಕೊಡದೆ. 2024ರಿಂದ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ (ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವ್ಯವಸ್ಥೆ) ಬಂದಿದೆ, ಯಾರೋ ಬಂದು ಹೇಳಿಕೊಡುತ್ತಾರೆ ಅನ್ನುವ ಆಸೆ ಮಕ್ಕಳ ತಲೆಯಿಂದ ಈಗಲೇ ತೆಗೆಯಿರಿ. ಉತ್ತರಪತ್ರಿಕೆ ತಿದ್ದಿ ಸುಮ್ನೆ ಅಂಕ ಹಾಕಿ ಕೊಡಬೇಡಿ. ಪ್ರತಿಯೊಬ್ಬರ ಜೊತೆ ಐದು ನಿಮಿಷ ಕೂತು ಯಾವ ಪ್ರಶ್ನೆ ಬಿಟ್ಟರು, ಯಾಕೆ ಬಿಟ್ಟರು ಅಂತ ಕೇಳಿ. ಬಿಟ್ಟ ಪ್ರಶ್ನೆಯೇ ಮುಂದಿನ ವಾರದ ಪಾಠ.

ಪರೀಕ್ಷೆಯ ದಿನ

ಮಾರ್ಚ್ ಬಿಸಿಲು ಗೊತ್ತಲ್ವಾ. ನೀರಿನ ಬಾಟಲಿ, ಹಾಲ್ ಟಿಕೆಟ್, ಎರಡು ಪೆನ್ನು ಹಿಂದಿನ ರಾತ್ರಿಯೇ ತೆಗೆದಿಡಲಿ. ದೂರದ ಹಳ್ಳಿಯವರು ಒಂದು ಬಸ್ ಮುಂಚೆಯೇ ಹೊರಡಲಿ. ಮೊದಲ 15 ನಿಮಿಷದಲ್ಲಿ ಪತ್ರ, ಚಿತ್ರ, ಗದ್ಯಭಾಗ ಏನು ಬಂದಿದೆ ನೋಡಿಕೊಳ್ಳಬೇಕು. ಬರೆಯಲು ಶುರು ಮಾಡುವಾಗ ಕಂಠಪಾಠದ ಪದ್ಯ ಮೊದಲು, ಮರೆಯುವ ಮುಂಚೆ. ಆಮೇಲೆ ಪತ್ರ, ವ್ಯಕ್ತಿಪರಿಚಯ, ಚಿತ್ರ. ಕೈ ಕಾದ ಮೇಲೆ ಪಾಠದ ಪ್ರಶ್ನೆ. ಯಾವ ಕ್ರಮದಲ್ಲಿ ಬರೆದರೂ ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಬೇಕು. ಏನೂ ಗೊತ್ತಿಲ್ಲದ ಪ್ರಶ್ನೆಗೂ ಎರಡು ಸ್ವಂತ ವಾಕ್ಯ ಬರೆಯಲಿ, ಖಾಲಿ ಬಿಟ್ಟರೆ ಅಂಕ ಕೊಡುವವರಿಗೂ ದಾರಿ ಇರುವುದಿಲ್ಲ.

ಇಷ್ಟಾದರೂ ಪರೀಕ್ಷೆ-1ರಲ್ಲಿ, ಅಂದರೆ ವರ್ಷದ ಈ ಮೊದಲ ಪರೀಕ್ಷೆಯಲ್ಲಿ, ಕೆಲವರು ಪಾಸಾಗದೆ ಉಳಿದುಕೊಳ್ಳುತ್ತಾರೆ. ಅದೇ ವರ್ಷ ಪರೀಕ್ಷೆ-2 ಬರೆಯುವ ಅವಕಾಶ 2024ರಿಂದ ಇದೆ. ಫಲಿತಾಂಶ ಬಂದ ದಿನವೇ ಅವರಿಗೆ ಫೋನ್ ಮಾಡಿ, ನೋಂದಣಿ ಮಾಡಿಸಿ, ಮರುದಿನವೇ ಆ ಐದು ವಾಕ್ಯದ ಡೈರಿ ಮತ್ತೆ ಶುರು ಮಾಡಿಸಿ.